ಎರಡು ಬೆಟ್ಟಗಳ ಬು ಪಾರ್ತಿ

ನಮ್ಮೂರಿನಲ್ಲಿ ನಿಂತು ನಾಲ್ಕು ದಿಕ್ಕು ನೋಡಿದರೂ ಬೆಟ್ಟ ಕಾಣುವುದಿಲ್ಲ. ಉತ್ತರಕ್ಕೆ ಜಾವಾ ಸಮುದ್ರ, ಉಳಿದ ಕಡೆ ಉಪ್ಪಿನ ಆಗರಗಳು. ಎತ್ತರದ್ದು ಅಂತ ಇರುವುದು ಮಸೀದಿಯ ಧ್ವನಿವರ್ಧಕ ಒಂದೇ. ಆದರೂ ಇಲ್ಲಿ ಯಾರ ಕೈಗೆ ಪೆನ್ಸಿಲ್ ಕೊಟ್ಟರೂ ಎರಡು ಬೆಟ್ಟ ಬರೆಯುತ್ತಾರೆ. ನಡುವೆ ಸೂರ್ಯ, ಸೂರ್ಯನಿಂದ ನೆಟ್ಟಗೆ ಇಳಿದು ಬರುವ ರಸ್ತೆ, ಇಕ್ಕೆಲದಲ್ಲೂ ಭತ್ತದ ಗದ್ದೆ. ಕ್ಷೌರದಂಗಡಿಯವನು, ಠಾಣೆಯ ಸಾಹೇಬರು, ಮೀನು ಹರಾಜು ಕೂಗುವವನು, ಎಲ್ಲರದೂ ಅದೇ ಚಿತ್ರ. ಯಾಕೆಂದರೆ ಎಲ್ಲರೂ ಐದನೇ ವಯಸ್ಸಿನಲ್ಲಿ ಬು ಪಾರ್ತಿಯವರ ಶಿಶುವಿಹಾರದಲ್ಲಿ ಚಾಪೆ ಸವೆಸಿದವರು.

ಪೂರ್ತಿ ಹೆಸರು ಸುಪಾರ್ತಿ. ಊರಿಗೆಲ್ಲ ಬು, ಅಂದರೆ ಅಮ್ಮ; ಮಕ್ಕಳಿಗೆ ಬು ಗುರು. ಗಟ್ಟಿಮುಟ್ಟಾದ ಹೆಂಗಸು. ಮಗು ಬೆಟ್ಟವನ್ನು ಹಸಿರು ಮಾಡಿದರೆ ಬೈಯುತ್ತಿರಲಿಲ್ಲ. ಜ್ವರವೇನಾದರೂ ಇದೆಯೋ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಬೆಟ್ಟ ನೀಲಿ, ಅದರಲ್ಲಿ ಚರ್ಚೆಯಿಲ್ಲ.

ನಾನು ಯೋಗ್ಯಕರ್ತ ನಗರದ ಕಲಾಶಾಲೆಯಲ್ಲಿ ಗಡ್ಡ ಬೆಳೆಸಿ, ನನ್ನ ಚಿತ್ರ ಅರ್ಥವಾಗುವಷ್ಟು ಜಗತ್ತಿನ್ನೂ ಬೆಳೆದಿಲ್ಲ ಎಂದು ತೀರ್ಮಾನಿಸಿ, ತಿಂಗಳ ಸಂಬಳಕ್ಕೆ ಅವರ ಕೈಕೆಳಗೆ ಸೇರಿದವನು. ಮೇಲಿನವರು ಈಗ ಸೃಜನಶೀಲ ಕಲಿಕೆ ಬೇಕು ಅಂದಿದ್ದರು. ಗಡ್ಡ ಇದ್ದವನ ಹತ್ತಿರ ಅದು ಇರುತ್ತದೆಂದು ಆಡಳಿತ ಮಂಡಳಿ ನಂಬಿತು.

ಮೊದಲ ವಾರವೇ ಮಕ್ಕಳನ್ನು ದಂಡೆಗೆ ಕರೆದುಕೊಂಡು ಹೋದೆ. ಸಮುದ್ರಕ್ಕೆ ಮುಖ ಮಾಡಿ ಕೂರಿಸಿ, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ ಎಂದೆ. ಎಲ್ಲರೂ ಸಮುದ್ರವನ್ನು ಭಕ್ತಿಯಿಂದ ದಿಟ್ಟಿಸಿದರು, ಆಮೇಲೆ ತಲೆ ತಗ್ಗಿಸಿ ಎರಡು ಬೆಟ್ಟ ಬರೆದರು. ಒಬ್ಬ ಮಾತ್ರ ದೋಣಿ ಹಾಕಿದ್ದ. ಅದು ಎರಡು ಬೆಟ್ಟಗಳ ನಡುವೆ, ರಸ್ತೆಯ ಮೇಲೆ ಹೋಗುತ್ತಿತ್ತು.

ಕೊಡೆ ಹಿಡಿದು ಹಿಂದೆ ಕೂತಿದ್ದ ಬು ಪಾರ್ತಿ ನಕ್ಕರು. ನನ್ನನ್ನು ಅವರು ಕರೆಯುತ್ತಿದ್ದುದು ಮಾಸ್, ಅಂದರೆ ಅಣ್ಣ, ಎಂದು. “ಮಾಸ್ ಗಿಲಾಂಗ್, ಸಮುದ್ರ ಅಂದ್ರೆ ಒಂದು ಗೆರೆ. ಮಿಕ್ಕ ಕಾಗದಕ್ಕೆ ಏನ್ ಹಾಕೋದು, ನಿಮ್ಮ ಗಡ್ಡಾನಾ?”

ಅವರಿಗೆ ಬೇಕಾಗಿದ್ದುದು ಸೃಜನಶೀಲತೆಯಲ್ಲ, ಟ್ರೋಫಿ. ಪಟ್ಟಣದಲ್ಲಿ ವರ್ಷವರ್ಷ ನಡೆಯುವ ಬಣ್ಣ ಹಚ್ಚುವ ಸ್ಪರ್ಧೆಯಲ್ಲಿ ಮೊದಲ ಬಹುಮಾನದ, ಮಗುವಿಗಿಂತ ಎತ್ತರದ ಟ್ರೋಫಿ. ನಮ್ಮ ಕಡೆ ಮೊದಲನೆಯ, ಎರಡನೆಯ, ಮೂರನೆಯ ಬಹುಮಾನ ಮುಗಿದ ಮೇಲೂ ಯಾರೂ ಅಳುತ್ತಾ ಮನೆಗೆ ಹೋಗಬಾರದೆಂದು ಭರವಸೆಯ ಬಹುಮಾನಗಳಿರುತ್ತವೆ: ಭರವಸೆ ಒಂದು, ಭರವಸೆ ಎರಡು, ಭರವಸೆ ಮೂರು. ಬು ಪಾರ್ತಿಯವರ ಬೀರುವಿನ ತುಂಬ ಭರವಸೆಯೇ ತುಂಬಿತ್ತು. ಬೀರುವಿನ ತಲೆಯ ಮೇಲೆ, ನಟ್ಟನಡುವೆ, ದೊಡ್ಡ ಟ್ರೋಫಿಗೆಂದು ಜಾಗ ಖಾಲಿ ಬಿಟ್ಟಿದ್ದರು. ದಿನಾ ಅದನ್ನು ಒರೆಸುತ್ತಿದ್ದರು. ಆ ವರ್ಷ ಅವರ ನಿವೃತ್ತಿ. ಇನ್ನೊಂದೇ ಸ್ಪರ್ಧೆ ಉಳಿದಿತ್ತು.

ಆ ಸಲ ನಿಯಮ ಬದಲಾಯಿತು. ಅಚ್ಚು ಹಾಕಿದ ಚಿತ್ರಕ್ಕೆ ಬಣ್ಣ ತುಂಬುವುದಲ್ಲ, ಖಾಲಿ ಹಾಳೆ. ವಿಷಯ ‘ನನ್ನ ಮನೆಯ ಸುತ್ತ’. ನಾನು ಹಿಗ್ಗಿದೆ. ಬು ಪಾರ್ತಿ ನನಗಿಂತ ಹಿಗ್ಗಿದರು. ಯಾರ ಮನೆಯ ಸುತ್ತ ಬೆಟ್ಟ ಇರುವುದಿಲ್ಲ ಹೇಳಿ.

ಅವರು ಆರಿಸಿದ್ದು ನಿಂಗ್ರುಮ್ ಎಂಬ ಹುಡುಗಿಯನ್ನು. ಆಗರದಲ್ಲಿ ಉಪ್ಪು ತೆಗೆಯುವವನ ಮಗಳು, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಜಾತಿ.

ಸ್ಪರ್ಧೆ ದೊಡ್ಡ ಅಂಗಡಿಯೊಂದರ ಅಂಗಳದಲ್ಲಿ. ಮಕ್ಕಳು ಮನೆಯಿಂದ ತಂದ ಮಡಚುವ ಪುಟ್ಟ ಮೇಜುಗಳ ಮುಂದೆ. ಹಗ್ಗದ ಆಚೆ ತಾಯಂದಿರು, ಕರಿದ ಬಾಳೆಹಣ್ಣು ತಿನ್ನುತ್ತಾ, ಕೂಗುತ್ತಾ. ಸ್ಪರ್ಧೆ ನಿಜವಾಗಿ ನಡೆಯುವುದು ಹಗ್ಗದ ಆಚೆಗೇ.

ನಿಂಗ್ರುಮ್ ಎರಡು ಬೆಟ್ಟ ಬರೆದಳು. ನಾನು ನಿಟ್ಟುಸಿರು ಬಿಟ್ಟೆ. ಸೂರ್ಯ, ರಸ್ತೆ, ಚೌಕಚೌಕ ಗದ್ದೆ, ಎಲ್ಲಕ್ಕೂ ಬಣ್ಣ ಬಳಿದಳು. ಬೆಟ್ಟಗಳನ್ನು ಮಾತ್ರ ಬೆಳ್ಳಗೆ ಬಿಟ್ಟು ಕೈಕಟ್ಟಿ ಕೂತಳು. ಉದ್ದ ಕೂದಲಿನ ತೀರ್ಪುಗಾರರೊಬ್ಬರು ಅಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ಇನ್ನೊಬ್ಬರನ್ನು ಕರೆತರಲು ಎದ್ದು ಹೋದರು. ಖಾಲಿ ಜಾಗದ ಸೌಂದರ್ಯದ ಬಗ್ಗೆ ನಾನು ಮಾಡಿದ ಪಾಠ ಫಲಿಸಿತೆಂದು ನನ್ನ ಎದೆ ಉಬ್ಬಿತು.

ಬು ಪಾರ್ತಿಗೆ ತೀರ್ಪುಗಾರರು ಕಾಣಲಿಲ್ಲ, ಬಿಳುಪು ಕಂಡಿತು. ಎರಡೂ ಕೈ ಬಾಯಿಗಿಟ್ಟು ಕೂಗಿದರು. “ನಿಂಗ್ರುಮ್, ಬೆಟ್ಟಕ್ಕೆ ನೀಲಿ! ದಟ್ಟವಾಗಿ!”

ಹುಡುಗಿ ತಿರುಗಿ ಮೊದಲು ಅವರನ್ನು, ಆಮೇಲೆ ನನ್ನನ್ನು ನೋಡಿದಳು. ಬು ಪಾರ್ತಿಯೂ ನನ್ನತ್ತ ನೋಡಿದರು. ಕಲೆ ದೊಡ್ಡದು, ನಿಜ. ಸಂಬಳದ ಚೀಟಿಗೆ ಸಹಿ ಹಾಕುವವರು ಪಕ್ಕದಲ್ಲೇ ನಿಂತಿದ್ದರು. ಹೂಂ ಎಂದು ತಲೆಯಾಡಿಸಿದೆ. ಅವಳು ನೀಲಿ ಬಳಿದು, ಕಲಿಸಿದ ಹಾಗೆ ಬೆರಳಿನಿಂದ ನುಣ್ಣಗೆ ಉಜ್ಜಿದಳು.

ಜೊತೆಗಾರರನ್ನು ಕರೆತಂದ ಉದ್ದ ಕೂದಲಿನವರು ಪೆಚ್ಚಾದರು. ಬಿಳಿ ಬೆಟ್ಟ ಎಲ್ಲಿ ಹೋಯಿತೆಂದು ಕೇಳಿದರು.

“ಬೆಟ್ಟ ಅಲ್ಲ,” ಅಂದಳು ನಿಂಗ್ರುಮ್. “ಉಪ್ಪಿನ ರಾಶಿ. ನಮ್ಮಪ್ಪಂದು. ಬು ಗುರು ನೀಲಿ ಹಾಕು ಅಂದ್ರು.” ಆಮೇಲೆ ಹಗ್ಗದ ಕಡೆ ತಿರುಗಿ, ನಿಜವಾದ ಕಾಳಜಿಯಿಂದ ಕೇಳಿದಳು: “ಬು ಗುರು, ನೀಲಿ ಉಪ್ಪನ್ನ ಯಾರ್ ತಗೋತಾರೆ?”

ಗದ್ದೆಯೆಂದುಕೊಂಡ ಚೌಕಗಳು ಆಗರ, ರಸ್ತೆಯೆಂದುಕೊಂಡದ್ದು ಆಗರದ ಮಣ್ಣಿನ ಏರಿ. ಅವಳ ಮನೆಯ ಸುತ್ತ ಇರುವುದು ಅಷ್ಟೇ. ಅದು ಖಾಲಿ ಜಾಗದ ಸೌಂದರ್ಯ ಎಂದುಕೊಂಡವನು ನಾನೊಬ್ಬನೇ.

ಭರವಸೆ ಮೂರು ಸಿಕ್ಕಿತು.

ಊರಿಗೆ ಮರಳುವ ವ್ಯಾನಿನಲ್ಲಿ ಬು ಪಾರ್ತಿ ಗೇಣುದ್ದದ ಆ ಟ್ರೋಫಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಆಗರಗಳು ಬಂದವು. ಏರಿಯುದ್ದಕ್ಕೂ ರಾಶಿಗಳು, ಬೆಳ್ಳಗೆ, ಚೂಪಾಗಿ.

“ದಿನಾ ಇವನ್ನ ದಾಟ್ಕೊಂಡೇ ಸ್ಕೂಲಿಗೆ ಬರ್ತೀನಿ, ಮಾಸ್,” ಅಂದರು. ಸ್ವಲ್ಪ ದೂರ ಹೋದ ಮೇಲೆ ಸಾವರಿಸಿಕೊಂಡು, “ಆದ್ರೂ ನೀಲಿ ಎಷ್ಟು ನುಣ್ಣಗೆ ತುಂಬಿದ್ಲು, ನೋಡಿದ್ರಲ್ಲ” ಅಂದರು.

ಅವರು ನಿವೃತ್ತರಾದರು. ತರಗತಿ ನನ್ನದಾಯಿತು, ಬೀರುವೂ. ಅದರ ತಲೆಯ ಮೇಲಿನ ಖಾಲಿ ಜಾಗ ಈಗ ಇಡೀ ದಿನ ನನ್ನನ್ನೇ ದುರುಗುಟ್ಟಿ ನೋಡುತ್ತದೆ. ಉದ್ದ ಕೂದಲಿನವರೇ ಈ ವರ್ಷವೂ ತೀರ್ಪುಗಾರರು ಎಂದು ವಿಚಾರಿಸಿಕೊಂಡು ಬಂದು, ಮಕ್ಕಳಿಗೆ ಉಪ್ಪಿನ ರಾಶಿ ಬರೆಯಲು ಕಲಿಸಿದೆ. ಮೀನುಗಾರರ ಮಕ್ಕಳಿಗೂ, ದರ್ಜಿಯ ಮಗನಿಗೂ. ಒಬ್ಬಳು ತನ್ನ ಮನೆಯ ಸುತ್ತ ಬರೀ ಕೋಳಿಗಳಿವೆ ಎಂದಳು. ಕೋಳಿಯನ್ನು ರಾಶಿಯ ಹಿಂದೆ ನಿಲ್ಲಿಸು, ಕಾಣದಿದ್ದರೆ ಸಾಕು ಎಂದೆ.

ಮೊನ್ನೆ ಬು ಪಾರ್ತಿ ಸೋಯಾಕಾಳು ಹುದುಗಿಸಿ ಕರಿದ ತೆಂಪೆಯ ಡಬ್ಬಿ ಹಿಡಿದು ಬಂದರು. ಗೋಡೆಯುದ್ದಕ್ಕೂ ಅಂಟಿಸಿದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಾ ನಡೆದರು. ಎರಡು ರಾಶಿ, ನಡುವೆ ಸೂರ್ಯ, ನೆಟ್ಟಗೆ ಇಳಿಯುವ ಏರಿ. ಪಕ್ಕದಲ್ಲೂ ಎರಡು ರಾಶಿ, ನಡುವೆ ಸೂರ್ಯ.

“ಚೆನ್ನಾಗಿದೆ, ಮಾಸ್,” ಅಂದರು. “ನನ್ನ ಬೆಟ್ಟಗಳೇ. ನೀಲಿ ಬಣ್ಣದ ಖರ್ಚು ಉಳಿಸಿದೀರ ಅಷ್ಟೆ.”

ಆಮೇಲೆ ಮಕ್ಕಳ ಕುರ್ಚಿಯೊಂದನ್ನು ಎಳೆದು ಹತ್ತಿ, ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಬೀರುವಿನ ತಲೆಯ ಧೂಳು ಒರೆಸುತ್ತಾ, ಸ್ಪರ್ಧೆ ಯಾವತ್ತು ಎಂದು ಕೇಳಿದರು.