ಚೆಂಬಿನ ತಳದ ಕವಡೆ

ಅದು ೧೯೪೩ನೆಯ ಇಸವಿ, ದಫ್ತರದ ಲೆಕ್ಕದಲ್ಲಿ ಫಸಲಿ ೧೩೫೨. ನಾನು ನಿಜಾಂ ಸರ್ಕಾರದ ತಾಮೀರಾತ್ ಇಲಾಖೆಯಲ್ಲಿ, ಅಂದರೆ ರಸ್ತೆ, ಸೇತುವೆ, ಕೆರೆಗಳನ್ನು ನೋಡಿಕೊಳ್ಳುವ ಇಲಾಖೆಯಲ್ಲಿ, ಸಬ್ ಓವರ್ಸಿಯರ್ ಆಗಿ ಲಿಂಗಸುಗೂರಿನಲ್ಲಿದ್ದೆ. ವಯಸ್ಸು ಇಪ್ಪತ್ತಾರು. ಒಂದು ಸೈಕಲ್ಲು, ಒಂದು ಅಳತೆ ಟೇಪು, ಹೈದರಾಬಾದಿನಲ್ಲಿ ಕಲಿತು ಬಂದವನೆಂಬ ಜಂಬ, ಇಷ್ಟು ನನ್ನ ಆಸ್ತಿ. ತುಂಗಭದ್ರೆಯ ಕಾಲುವೆ ಆಗಿನ್ನೂ ಕಾಗದದ ಮೇಲಿನ ಮಾತು. ಇವತ್ತು ದಢೇಸುಗೂರು, ವಳಕಮದಿನ್ನಿ ಕಡೆಯ ಭತ್ತದ ಗದ್ದೆ ನೋಡಿದವರಿಗೆ ನಂಬಿಕೆ ಬಾರದು, ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಕೆರೆ ಇದ್ದ ಊರೇ ಸಾಹುಕಾರ ಊರು.

ನಾನು ಹೇಳಹೊರಟ ಕೆರೆ ಮಸ್ಕಿಯಿಂದ ಲಿಂಗಸುಗೂರಿಗೆ ಬರುವ ದಾರಿ ಬಿಟ್ಟು ಒಂದು ಹರದಾರಿ ಒಳಗಿನ ಊರಿನದು. ಊರಿನ ಹೆಸರು ಹೇಳುವುದಿಲ್ಲ. ತಪ್ಪು ಮಾಡಿದವನು ನಾನು, ಅವರ ಹೆಸರು ಯಾಕೆ ಕೆಡಬೇಕು? ಕೆರೆಯ ಏರಿ ಮಣ್ಣಿನದು, ಎತ್ತರ ಹದಿನೆಂಟು ಅಡಿ. ಏರಿಯ ಕೆಳಗೇ ನೂರಕ್ಕೆ ಹತ್ತಿರ ಮನೆಗಳ ಕೆಳಗಿನ ಓಣಿ. ಅಲ್ಲಿಂದ ದಿನ್ನೆ ಹತ್ತಿದರೆ ಮೇಲಿನ ಓಣಿ, ಚಾವಡಿ, ಅಂಗಡಿಗಳು.

ಆ ಊರಿನಲ್ಲಿ ಕೆರೆಗೆಂದೇ ಒಂದು ಪಂಚಾಯತಿ ಇತ್ತು. ಸರ್ಕಾರ ಮಾಡಿಕೊಟ್ಟದ್ದಲ್ಲ, ಅವರೇ ಕಟ್ಟಿಕೊಂಡದ್ದು. ಅಮಾವಾಸ್ಯೆಗೊಮ್ಮೆ ಮನೆಗೊಂದಾಳು ಬುಟ್ಟಿ ಹಿಡಿದು ಏರಿಗೆ ಬರಬೇಕು, ಗಿಡಗಂಟಿ ಕೀಳಬೇಕು, ಇಲಿಬಿಲ ಮುಚ್ಚಬೇಕು. ದಿನಾ ಬೆಳಿಗ್ಗೆ ಚಾವಡಿಯಲ್ಲಿ ಕೆರೆಯ ಸುದ್ದಿ ಹೇಳುವುದಿತ್ತು. ನೀರು ಎಷ್ಟು ಮೊಳ ಇದೆ, ಯಾರ ಎಮ್ಮೆ ಏರಿ ಹತ್ತಿ ತುಳಿದಿದೆ, ಈ ವಾರ ತೂಬಿನ ನೀರಿನ ಪಾಳಿ ಯಾರದು, ಎಲ್ಲ ಅಲ್ಲಿ ಗೊತ್ತಾಗುತ್ತಿತ್ತು. ಪಂಚಾಯತಿಯ ಹಿರಿಯರು ಅಮರಪ್ಪ ಶೆಟ್ಟರು, ಕಾಳಿನ ವ್ಯಾಪಾರಿ. ಹಣೆ ತುಂಬ ವಿಭೂತಿ, ಮಾತು ಖಡಕ್ಕು.

ಆದರೆ ಎಲ್ಲಕ್ಕಿಂತ ಮೊದಲ ಸುದ್ದಿ ದುರುಗವ್ವನದು. ಕೆರೆಯ ನೀರು ನೋಡಿಕೊಳ್ಳುವವರನ್ನು ಆ ಕಡೆ ನೀರಡಿ ಅನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಆ ಕೆಲಸ ಈಕೆಗೆ ಬಂದಿತ್ತು. ಏರಿಯ ಬುಡದಲ್ಲಿ ಒಂದು ಕಡೆ ಸದಾ ಸಣ್ಣಗೆ ನೀರು ಬಸಿಯುತ್ತಿತ್ತು. ನಮ್ಮ ಭಾಷೆಯಲ್ಲಿ ಸೀಪೇಜ್. ಹೊತ್ತು ಹುಟ್ಟುವುದಕ್ಕೆ ದುರುಗವ್ವ ಆ ಬಸಿನೀರನ್ನು ಒಂದು ಹಿತ್ತಾಳೆ ಚೆಂಬಿನಲ್ಲಿ ಹಿಡಿದು ತಂದು ಚಾವಡಿಯ ಕೆಳಗಿನ ಮೆಟ್ಟಿಲ ಮೇಲಿಟ್ಟು ದೂರ ನಿಲ್ಲುತ್ತಿದ್ದಳು. ಅವಳ ಜಾತಿಯವರು ಮೇಲೆ ಹತ್ತುವ ಹಾಗಿರಲಿಲ್ಲ. ಚೆಂಬಿನ ತಳದಲ್ಲಿ ಒಂದು ಬಿಳಿ ಕವಡೆ. ಶೆಟ್ಟರು ಮೇಲಿಂದ ಬಗ್ಗಿ ನೋಡುವರು. ಕವಡೆ ಕಂಡರೆ ನೀರು ತಿಳಿ, ಕೆರೆ ಸುಖವಾಗಿದೆ ಎಂದು ಅರ್ಥ. "ಕವಡಿ ಕಾಣತೈತ್ರಿ" ಎಂದು ದುರುಗವ್ವ ಕೂಗಿದ ಮೇಲೆಯೇ ಉಳಿದ ಮಾತು. ನಾನು ಮೊದಲ ಸಲ ಇದನ್ನು ನೋಡಿದಾಗ ಏನೋ ಹಳೇ ಕಾಲದ ಹರಕೆ ಇರಬೇಕು ಅಂದುಕೊಂಡೆ.

ಆ ವರ್ಷದ ಬೇಸಿಗೆಯಲ್ಲಿ ಕೆರೆ ತಳ ಹಿಡಿದಿತ್ತು. ಶೆಟ್ಟರು ನನ್ನನ್ನು ಏರಿಯ ಬುಡಕ್ಕೆ ಕರೆದೊಯ್ದು ಬಸಿನೀರಿನ ಕೆಸರು ತೋರಿಸಿದರು.

"ಗಡಿಗಿ ಸೋರಾಕತ್ತಿದ್ರ ಮೆತ್ತಬೇಕೋ ಬ್ಯಾಡೋ, ನೀವ ಹೇಳ್ರಿ ಸಾಹೇಬ್ರ. ವರ್ಷ ಪೂರ್ತಿ ರಾಡಿ, ಗುಂಗಾಡಿ ಕಾಟ. ಕೆಳಗಿನ ಓಣಿ ಮಂದಿಗೆ ಚಳಿಜ್ವರ ಬಿಟ್ಟದ್ದಿಲ್ಲ."

ಸೊಳ್ಳೆ, ಜ್ವರದ ಬಗ್ಗೆ ಅವರ ಕಾಳಜಿ ಖರೆಯದೇ. ನಾನೂ ಹಿಂದೆ ಮುಂದೆ ನೋಡಲಿಲ್ಲ. ಜಿಗಿಮಣ್ಣು ತುಂಬಿ, ದಿಮ್ಮಸಿನಿಂದ ಬಡಿದು, ಮೇಲೆ ಕಲ್ಲು ಹಾಸಿ ಗಚ್ಚು ಹಾಕಿರಿ ಎಂದು ಬರೆದು ಸಹಿ ಮಾಡಿಕೊಟ್ಟೆ. ಊರೆಲ್ಲ ಸೇರಿ ಎಂಟು ದಿನದಲ್ಲಿ ಮಾಡಿ ಮುಗಿಸಿತು. ಮುಚ್ಚುವ ಮೊದಲ ದಿನ ದುರುಗವ್ವ ದೂರದಲ್ಲೇ ನಿಂತು ನನ್ನನ್ನು ಕೇಳಿದಳು:

"ಯಪ್ಪಾ, ಮುಚ್ಚಿದ್ರ ಆ ನೀರು ಎಲ್ಲಿಗೆ ಹೋಗಬೇಕ್ರಿ?"

"ಎಲ್ಲಿಗ್ಯಾಕ ಹೋಗತೈತಿ? ಕೆರ್ಯಾಗ ಇರತೈತಿ!" ಅಂದೆ. ನಾನು ನಕ್ಕೆ, ಶೆಟ್ಟರು ನಕ್ಕರು, ಬುಟ್ಟಿ ಹಿಡಿದವರೆಲ್ಲ ನಕ್ಕರು. ಅವಳು ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಬಸಿ ನಿಂತಿತು, ಕೆಸರು ಒಣಗಿತು. ಶೆಟ್ಟರು ಎದೆಯುಬ್ಬಿಸಿ ಓಡಾಡಿದರು. ದುರುಗವ್ವ ಮಾತ್ರ ದಿನಾ ಖಾಲಿ ಚೆಂಬು ತಂದು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದಳಂತೆ. ಹುಡುಗರು ಅವಳನ್ನು ಚೇಷ್ಟೆ ಮಾಡುತ್ತಿದ್ದರು.

ಭಾದ್ರಪದದಲ್ಲಿ ಮಳೆ ಹಿಡಿಯಿತು. ಐದು ದಿನ ಬಿಡದೆ ಸುರಿದು ಕೆರೆ ಕೋಡಿ ಬಿತ್ತು, ಅಂದರೆ ತುಂಬಿ ಹೆಚ್ಚಿನ ನೀರು ಹೊರಗೆ ಹರಿಯತೊಡಗಿತು. ನೀರಿನ ಮಟ್ಟ ಬರೆದುಕೊಳ್ಳಲು ನಾನು ಹಿಂದಿನ ದಿನವೇ ಹೋಗಿ ಆ ಊರಿನಲ್ಲಿ ಉಳಿದಿದ್ದೆ. ಆರನೆಯ ದಿನ ಬೆಳಿಗ್ಗೆ ಚಾವಡಿಯಲ್ಲಿ ಕೂತಿದ್ದಾಗ ದುರುಗವ್ವ ಬಂದಳು. ಚೆಂಬು ಮೆಟ್ಟಿಲ ಮೇಲಿಟ್ಟಳು. ಅದು ಖಾಲಿ ಇರಲಿಲ್ಲ.

"ಶೆಟ್ರ, ಕವಡಿ ಕಾಣವಲ್ದ್ರಿ."

ಶೆಟ್ಟರು ಬಗ್ಗಿ ನೋಡಿದರು. ಚೆಂಬಿನ ತುಂಬ ಕೆಂಪು ರಾಡಿ. "ಬಸಿ ಮುಚ್ಚಿ ಮೂರು ತಿಂಗಳಾತಲ್ಲಬೇ. ಇದ್ಯಾವ ನೀರು ತಂದಿ?"

"ನನ್ನ ಹಗೇವಿನಾಗಿಂದ್ರಿ. ನಾ ಆ ಮನಿಗೆ ಬಂದಾಗಿಂದ ಅದರಾಗ ಒಂದ್ಹನಿ ಕಂಡಿದ್ದಿಲ್ಲ."

ಹಗೇವು ಅಂದರೆ ನೆಲದೊಳಗೆ ಕಾಳು ತುಂಬಿಡುವ ಕುಣಿ. ನೆಲ ಒಣಗಿದ್ದಲ್ಲಿ ಮಾತ್ರ ತೋಡುತ್ತಾರೆ. ಚಪ್ಪಲಿ ಮೆಟ್ಟದೆ ಅವಳ ಹಿಂದೆ ಓಡಿದೆ.

ಅವಳ ಮನೆ ಏರಿಯಿಂದ ಮೂವತ್ತು ಹೆಜ್ಜೆ. ಹಿತ್ತಿಲ ಹಗೇವಿನಲ್ಲಿ ಮೊಳಕಾಲುದ್ದ ನೀರು, ಜೋಳ ಉಬ್ಬಿ ತೇಲುತ್ತಿತ್ತು. ನಾನು ನೋಡಿದ್ದು ನೀರಿನ ಬಣ್ಣ ಮಾತ್ರ. ಪಕ್ಕದ ನೆಲದಲ್ಲಿ ಬಳೆಯಗಲದ ಜಾಗ ಎಸರಿನಂತೆ ಕುದಿಯುತ್ತಿತ್ತು, ಸುತ್ತ ಸಣ್ಣ ಮರಳಿನ ಉಂಗುರ. ಇದನ್ನು ನಾನು ಪುಸ್ತಕದ ಚಿತ್ರದಲ್ಲಿ ನೋಡಿದ್ದೆ. ಏರಿಯೊಳಗಿಂದ ತಿಳಿನೀರು ಬಸಿದರೆ ಭಯವಿಲ್ಲ, ಎಲ್ಲ ಮಣ್ಣಿನ ಏರಿಯೂ ಅಷ್ಟಿಷ್ಟು ಬಸಿಯುತ್ತದೆ. ರಾಡಿ ಬಂತೆಂದರೆ ನೀರು ಏರಿಯ ಮಣ್ಣನ್ನು ಹೊತ್ತು ತರುತ್ತಿದೆ, ಒಳಗೆ ಕೊಳವೆ ಕೊರೆಯುತ್ತಿದೆ ಎಂದು ಅರ್ಥ. ಕೊಳವೆ ಕೆರೆಯ ತನಕ ಮುಟ್ಟಿದರೆ ಏರಿ ಅರ್ಧ ತಾಸೂ ನಿಲ್ಲುವುದಿಲ್ಲ. ನೂರು ವರ್ಷದಿಂದ ಬಸಿದು ಹೋಗುತ್ತಿದ್ದ ನೀರಿನ ಬಾಯಿಗೆ ನಾನು ಗಚ್ಚು ಹಾಕಿಸಿದ್ದೆ, ಅದು ಬೇರೆ ದಾರಿ ಹುಡುಕಿಕೊಂಡಿತ್ತು.

ಒಳಗೆ ಹೆರಿಗೆಗೆಂದು ತವರಿಗೆ ಬಂದಿದ್ದ ದುರುಗವ್ವನ ಮಗಳಿದ್ದಳು, ಅವಳ ಕೂಸಿನ ಅಳು ಕೇಳಿತು. "ಮಗಳನ್ನ ಮ್ಯಾಲಿನ ಓಣಿಗೆ ಯಾಕ ಕರ್ಕೊಂಡು ಹೋಗಿಲ್ಲ ಯವ್ವಾ?" ಅಂದೆ.

"ಒಂಬತ್ತು ದಿನದ ಬಾಣಂತಿ ಅದಾಳ್ರಿ, ಯಾರು ಕರೀತಾರ? ಮತ್ತ ನಾ ಹೋದ್ರ ನೀರು ನೋಡಾವ್ರ್ಯಾರು?"

ನಿಜ ಹೇಳಿಬಿಡುತ್ತೇನೆ. ಆ ಹಿತ್ತಿಲಲ್ಲಿ ನಿಂತು ನಾನು ಸುಳ್ಳು ಹೇಳುವ ಯೋಚನೆ ಮಾಡಿದೆ. ಮಳೆನೀರು ಇಂಗಿದ್ದು, ಏನಾಗುವುದಿಲ್ಲ ಅಂದುಬಿಡಬಹುದು. ಮೇಲಿನ ಸಾಹೇಬರನ್ನು ಕೇಳಿ ಬರುತ್ತೇನೆಂದು ಸೈಕಲ್ ಹತ್ತಬಹುದು. ಮುಚ್ಚಿದ ಕಾಗದದ ಮೇಲೆ ನನ್ನ ಸಹಿ ಇತ್ತು. ತೆಗೆಸಲು ಹೋಗಿ ಏರಿ ಒಡೆದರೆ ಜೈಲು, ಸುಮ್ಮನಿದ್ದು ಒಡೆದರೆ ದೇವರ ಮೇಲೆ ಹಾಕಬಹುದು. ಕೂಸು ಇನ್ನೂ ಅಳುತ್ತಲೇ ಇತ್ತು.

ದುರುಗವ್ವನೊಡನೆ ಚಾವಡಿಗೆ ಬಂದು, ತೂಬು ಪೂರ್ತಿ ಎತ್ತಿರಿ, ಕೆಳಗಿನ ಓಣಿ ಖಾಲಿ ಮಾಡಿಸಿರಿ, ಮುಚ್ಚಿದ ಬಸಿಯನ್ನು ಈಗಲೇ ತೆಗೆಯಬೇಕು ಎಂದೆ. ಶೆಟ್ಟರು ಎದ್ದು ನಿಂತರು.

"ಏನ್ ಹುಡುಗಾಟ ಹಚ್ಚೀರೇನ್ರಿ? ಮುಚ್ಚು ಅಂದವ್ರೂ ನೀವ, ತೆಗಿ ಅನ್ನಾವ್ರೂ ನೀವ! ತುಂಬಿದ ಕೆರಿ ಬುಡಕ್ಕ ಹಾರಿ ಹಾಕಂತೀರಿ. ಊರು ಕೊಚ್ಚಿ ಹೋದ್ರ ಯಾರು ಜವಾಬ್ದಾರಿ?"

"ನಾನ ರೀ. ಮುಚ್ಚಿಸಿದ್ದು ನನ್ನ ತಪ್ಪು. ಈಕಿ ಕೇಳಿದಾಗ ನಕ್ಕಿದ್ದು ಅದಕ್ಕಿಂತ ದೊಡ್ಡ ತಪ್ಪು."

ಸರ್ಕಾರಿ ಮನುಷ್ಯನ ಬಾಯಲ್ಲಿ ಆ ಮಾತು ಅವರು ಕೇಳಿರಲಿಲ್ಲ. ಶೆಟ್ಟರು ಚೆಂಬನ್ನು ನೋಡಿದರು, ಮೆಟ್ಟಿಲ ಕೆಳಗೆ ನಿಂತವಳನ್ನು ನೋಡಿದರು. "ನಾನೂ ನಕ್ಕಿದ್ದೆನ್ರಿ" ಅಂದರು ಮೆಲ್ಲಗೆ. ಮರುಗಳಿಗೆ ಅವರ ಖಡಕ್ ದನಿ ವಾಪಸು ಬಂತು. "ಡಂಗುರ ಹೊಡಸ್ರಿ! ಮನಿಗೊಂದಾಳಲ್ಲ, ಇದ್ದಾವ್ರೆಲ್ಲ ಬರ್ಲಿ! ಆ ಬಾಣಂತಿನ್ನ ನಮ್ಮ ಮನಿಗೆ ಹೊತ್ಕೊಂಡು ಬರ್ರಿ, ಜಲ್ದಿ!"

ಹಳ್ಳದಿಂದ ಮರಳು, ದಿನ್ನೆಯಿಂದ ಗರಸೆಂಬ ಸಣ್ಣ ಹರಳು, ಕಲ್ಲು, ಮೂರು ರಾಶಿ ಬೀಳತೊಡಗಿದವು. ಇಲ್ಲಿ ಮಾಡಬೇಕಾದ್ದು ಫಿಲ್ಟರ್. ಮೊದಲು ಮರಳು, ಅದರ ಮೇಲೆ ಗರಸು, ಅದರ ಮೇಲೆ ಕಲ್ಲು. ನೀರು ಹಾದು ಹೋಗಬೇಕು, ಮಣ್ಣು ಹಿಂದೆ ಉಳಿಯಬೇಕು. ಆದರೆ ನೀರು ಉಕ್ಕುವುದನ್ನು ಕಂಡವರ ಕೈ ತಾನಾಗಿ ಜಿಗಿಮಣ್ಣಿಗೆ ಹೋಗುತ್ತದೆ. "ಮಣ್ಣು ಬ್ಯಾಡ್ರೋ, ಉಸುಕು ಹಾಕ್ರಿ!" ಎಂದು ಕೂಗಿ ಕೂಗಿ ನನ್ನ ಗಂಟಲು ಬಿತ್ತು. ಮೊದಲು ಹಗೇವನ್ನೂ ಆ ಕುದಿಯುವ ಜಾಗವನ್ನೂ ತುಂಬಿಸಿದೆವು. ಆಮೇಲೆ ಗಚ್ಚಿನ ಬಳಿಗೆ ಬಂದೆವು. ಯಾರೂ ಮುಂದೆ ಬರಲಿಲ್ಲ. ಹಾರೆ ನಾನೇ ಎತ್ತಿಕೊಂಡೆ.

ಏಳನೆಯ ಏಟಿಗೆ ಕಲ್ಲು ಸಡಿಲಿತು. ಒಳಗಿನ ಮಣ್ಣು ಬಗೆಯುತ್ತಿದ್ದಂತೆ ನೀರು ಭುಸ್ಸೆಂದು ಬಂದು ನನ್ನನ್ನು ಕೆಡವಿತು. ರಾಡಿ, ಬರೀ ರಾಡಿ. "ಒಡೀತ್ರೋ ಯಪ್ಪಾ!" ಎಂದು ಯಾರೋ ಚೀರಿದರು, ಅರ್ಧ ಮಂದಿ ದಿನ್ನೆ ಕಡೆ ಓಡಿದರು. ಉಳಿದವರು ಮರಳು ಸುರಿದರು, ಕೊಚ್ಚಿ ಹೋಯಿತು. ಮತ್ತೆ ಸುರಿದರು. ನಾಲ್ಕನೆಯ ಸಲಕ್ಕೆ ಮರಳು ನಿಂತಿತು. ಓಡಿದವರು ಒಬ್ಬೊಬ್ಬರೇ ತಿರುಗಿ ಬಂದು ಬುಟ್ಟಿ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಗರಸು, ಕಲ್ಲು ಎಲ್ಲ ಬಿದ್ದು, ಕಲ್ಲಿನ ಸಂದಿಯಿಂದ ನೀರು ಹರಿಯುತ್ತಿತ್ತು.

ಇನ್ನು ಕಾಯುವುದಷ್ಟೇ ಉಳಿದಿತ್ತು. ಅಂಥ ಕಾಯುವಿಕೆ ನನ್ನ ಶತ್ರುವಿಗೂ ಬೇಡ. ದುರುಗವ್ವ ಚೆಂಬು ಹಿಡಿದಳು. ಕವಡೆ ಇಲ್ಲ. ಒಂದು ತಾಸು ಬಿಟ್ಟು ಮತ್ತೆ ಹಿಡಿದಳು. ಇಲ್ಲ. ಪಡುವಣದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ನಾನು ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ, ಆದರೂ ಅವತ್ತು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಮೂರನೆಯ ಚೆಂಬಿನಲ್ಲಿ ತಳದಲ್ಲೇನೋ ಬೆಳ್ಳಗೆ ಕಂಡಂತಾಯಿತು. "ಕಂಡಿತಲ್ಲ, ಹೇಳಬೇ!" ಎಂದು ಶೆಟ್ಟರು ಅವಸರ ಮಾಡಿದರು.

"ಇಲ್ರಿ. ಇನ್ನೂ ಮಬ್ಬು ಐತಿ. ಸುಳ್ಳ ಹೇಳಂಗಿಲ್ಲ."

ಹೊತ್ತು ಇಳಿಯುವಾಗ ನಾಲ್ಕನೆಯ ಚೆಂಬು. ಅವಳು ಬಹಳ ಹೊತ್ತು ನೋಡಿದಳು. ಇಡಲು ಮೆಟ್ಟಿಲಿರಲಿಲ್ಲ, ಸುತ್ತ ಕೆಸರು. ಎಲ್ಲಿ ಇಡಲಿ ಎಂದು ಅತ್ತಿತ್ತ ನೋಡುತ್ತಿದ್ದಾಗ ಶೆಟ್ಟರು ಮೊಳಕಾಲ ತನಕ ರಾಡಿಯಲ್ಲಿ ಬಂದು ಅವಳ ಕೈಯಿಂದಲೇ ಚೆಂಬು ಇಸಿದುಕೊಂಡರು. ಕವಡೆಯ ಹಲ್ಲುಗಳು ಎಣಿಸುವಷ್ಟು ಸ್ಪಷ್ಟ ಕಂಡವು. "ಕವಡಿ ಕಾಣತೈತ್ರಿ!" ಎಂದು ದುರುಗವ್ವ ಕೂಗಿದಳು. ನಾನು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು ಮಂದಿಯೆದುರು ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ.

ಏರಿ ನಿಂತಿತು. ನಡೆದದ್ದನ್ನು ನಡೆದಂತೆ ಬರೆದು ಮೇಲಕ್ಕೆ ಕಳಿಸಿದೆ. ಬಯ್ಗುಳ ಬಂತು, ಬಡ್ತಿ ಹಿಂದೆ ಬಿತ್ತು, ಅದು ನ್ಯಾಯವೇ. ಆ ಊರಿನಲ್ಲಿ ಚೆಂಬನ್ನು ಮೆಟ್ಟಿಲ ಮೇಲಿಡುವುದು ನಿಂತಿತು. ಶೆಟ್ಟರೇ ಇಳಿದು ಬಂದು ಇಸಿದುಕೊಳ್ಳುತ್ತಿದ್ದರು. ಆಮೇಲಿನ ಸೇವೆಯಲ್ಲಿ ನಾನು ಯಾವ ಕೆರೆಗೆ ಹೋದರೂ ನಕ್ಷೆ ಬಿಚ್ಚುವ ಮೊದಲು, ಇಲ್ಲಿ ದಿನಾ ನೀರು ನೋಡುವವರು ಯಾರು ಎಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡೇ ಟೇಪು ತೆಗೆದೆ. ಅವರ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂದೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಅದನ್ನೂ ಪೂರ್ತಿ ಕಲಿತದ್ದು ಮರುವರ್ಷ ಸಿಂಧನೂರಿಗೆ ವರ್ಗವಾಗಿ ಹೇಳಿ ಹೋಗಲು ಬಂದಾಗ.

ದುರುಗವ್ವ ಬಾಗಿಲಲ್ಲಿ ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದಳು. "ಸಾಹೇಬ್ರ, ಅವತ್ತ ನಾ ಒಂದು ಮಾತು ಕೇಳಿದ್ದೆ. ಮುಚ್ಚಿದ್ರ ನೀರು ಎಲ್ಲಿಗೆ ಹೋಗಬೇಕು ಅಂತ. ನೀವು ಇನ್ನೂ ಜವಾಬ ಕೊಟ್ಟಿಲ್ಲ ನೋಡ್ರಿ."

"ನಿನ್ನ ಹಗೇವಿಗೆ ಹೋಗತೈತಿ ಯವ್ವಾ" ಅಂದೆ.

"ಹಂಗಂತ ಅವತ್ತ ಹೇಳಿದ್ರ, ಜೋಳ ತಗದು ಇಟ್ಕೊಂತಿದ್ನೆಲ್ರಿ. ಬಾಣಂತಿ ಇಟ್ಕೊಂಡು ಆ ವರ್ಷ ಮಂದಿ ಮನಿ ನುಚ್ಚು ಉಂಡ್ವಿ."

ಅವಳ ಒಂದು ವರ್ಷದ ಜೋಳದ ಮೇಲೆ ಬುಟ್ಟಿಗಟ್ಟಲೆ ಮರಳು ಸುರಿಸಿದವನು ನಾನು. ಅದು ಅವಳ ಅನ್ನವೆಂದು ಅವತ್ತೂ ಹೊಳೆದಿರಲಿಲ್ಲ, ಆಮೇಲೂ ಒಂದು ವರ್ಷ ಹೊಳೆದಿರಲಿಲ್ಲ. ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.