ತೋಮಾಸಾಳ ಮೂಗಿನ ದೇವರು

ನಮ್ಮ ಬಾಸಿಲಿಯೊ ಸುನುಕ್ ಹನ್ನೊಂದು ವರ್ಷ ನಾಯಿಯ ಮೂಲಕ ಸಂಸಾರ ಮಾಡಿದ. ತಮಾಷೆಯಲ್ಲ. ಹೆಂಡತಿ ತೋಮಾಸಾ ಅವನ ಮುಂದೆ ಮೆಕ್ಕೆಜೋಳದ ರೊಟ್ಟಿ ತೋರ್ತಿಯಾ ಇಟ್ಟು, ನಾಯಿಯ ಕಡೆ ತಿರುಗಿ, “ಆ ಮನುಷ್ಯನಿಗೆ ಹೇಳು, ಆರಿಹೋಗುತ್ತೆ” ಅನ್ನುತ್ತಿದ್ದಳು. ಒಂದು ನಾಯಿ ಮುದಿಯಾಗಿ ಸತ್ತು ಇನ್ನೊಂದು ಬಂತು. ಗಂಡನ ಜೊತೆ ಮಾತ್ರ ನೇರ ಮಾತಿಲ್ಲ.

ಇಷ್ಟಕ್ಕೆಲ್ಲ ಮೂಲ ಒಂದು ಪದಕ. ಆಂಟಿಗ್ವಾ ಪಟ್ಟಣದ ಜೇಡ್ ಕಾರ್ಖಾನೆಯಲ್ಲಿ ಬಾಸಿಲಿಯೊ ಆ ಹಸಿರು ಕಲ್ಲು ಕೆತ್ತುತ್ತಾನೆ, ಪಕ್ಕದಲ್ಲಿ ಕೂತು ನಾನು ಪಾಲಿಶ್ ಹಾಕುತ್ತೇನೆ. ಹಳೆಯ ರಾಜರ ಸಮಾಧಿಗಳಲ್ಲಿ ಸಿಕ್ಕ ಒಡವೆಗಳಂಥವನ್ನೇ ಮಾಡಿ ಮಾರುವುದು ನಮ್ಮ ಕಸುಬು. ಯಾರೂ ಅವನ್ನು ಹಳೆಯವೆಂದು ಮಾರಿ ಮೋಸ ಮಾಡಬಾರದೆಂದು ಬಾಸಿಲಿಯೊ ಪ್ರತಿಯೊಂದರ ಬೆನ್ನಿಗೂ ಸಣ್ಣದೊಂದು ಜೋಳದ ಕಾಳಿನ ಗುರುತು ಗೀರುತ್ತಾನೆ.

ತೋಮಾಸಾಗೆಂದು ಮಾಡಿದ ಪದಕಕ್ಕೆ ಮಾತ್ರ ಕಾಳು ಹಾಕಲಿಲ್ಲ. “ಹೆಂಡ್ತಿಗೆ ಕೊಡೋದಕ್ಕೂ ಗುರುತಾ? ಅವಳೇನು ಮಾರ್ತಾಳಾ?” ಎಂದಿದ್ದ. ಮಷೀನನ್ನೂ ಮುಟ್ಟಲಿಲ್ಲ. ಎರಡು ವರ್ಷದ ಭಾನುವಾರಗಳೆಲ್ಲ ಕೂತು, ಹಿರೀಕರ ಹಾಗೆ ದಾರಕ್ಕೆ ಒದ್ದೆ ಮರಳು ಮೆತ್ತಿ, ಕಲ್ಲನ್ನು ಎರಡೂ ಕಡೆಯಿಂದ ಕೊಯ್ದ. ನಡುವೆ ಬೆರಳಗಲ ಉಳಿದಾಗ ತಟ್ಟಿ ಮುರಿದ. ಮುರಿದ ಜಾಗದಲ್ಲಿ ಎರಡೂ ಹೋಳಿಗೆ ಒರಟು ಏಣು ಉಳಿಯಿತು. ಚಿಕ್ಕ ಹೋಳಿನ ಬೆನ್ನಿಗೆ ಆ ಏಣನ್ನು ಹಾಗೇ ಬಿಟ್ಟು, ಮುಂದೆ ಜೋಳದ ದೇವರ ಮುಖ ಕೆತ್ತಿದ. ದೊಡ್ಡ ಹೋಳನ್ನು ತೋಮಾಸಾ, ಜೋಳ ನೆನೆಹಾಕುವ ಮಡಕೆಯ ಮುಚ್ಚಳದ ಮೇಲೆ ಭಾರಕ್ಕಿಟ್ಟುಕೊಂಡಳು.

ವಾರ ಕಳೆಯುವುದರೊಳಗೆ ಪೆಟ್ಟಿಗೆಯಲ್ಲಿದ್ದ ಪದಕ ಮಾಯ! ಆಗ ಬಾಸಿಲಿಯೊ ಕುಡಿಯುತ್ತಿದ್ದ. “ನಾನು ಮುಟ್ಟಿಲ್ಲ ಕಣೇ” ಎಂದು ಅತ್ತ. ಕುಡುಕನ ಮಾತನ್ನು ಯಾರು ನಂಬುತ್ತಾರೆ? ಅಂದಿನಿಂದ ಅವನು ತೊಟ್ಟು ಹೆಂಡ ಮುಟ್ಟಿಲ್ಲ. ಆದರೂ ತೋಮಾಸಾಳ ಮನಸ್ಸು ಕರಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಮಾರಿ ಕುಡಿದನೆಂದೇ ನಾನೂ ನಂಬಿದ್ದೆ.

ಈ ಸಲ ಈಸ್ಟರ್‌ಗೆ ಮುಂಚೆ ಒಬ್ಬ ದೊರೆಸಾನಿ ಕಾರ್ಖಾನೆಗೆ ಬಂದಳು. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದು ಹಳೆಯ ಜೇಡ್ ಕೂಡಿಡುವವಳು. ಪದಕವೊಂದರ ದಾರ ಕಿತ್ತುಹೋಗಿತ್ತಂತೆ. ಬಾಸಿಲಿಯೊ ಅದನ್ನು ಮಗುಚಿ ಬೆನ್ನು ನೋಡಿದ. ಅಲ್ಲಿದ್ದ ಒರಟು ಏಣಿನ ಮೇಲೆ ಹೆಬ್ಬೆರಳು ಆಡಿಸಿದ.

“ಇದು ಎಲ್ಲಿ ಸಿಕ್ತಮ್ಮಾ?”

“ಸಾವಿರದ ಮುನ್ನೂರು ವರ್ಷದ್ದು! ಪಂಡಿತರೆಲ್ಲ ನೋಡಿದಾರೆ. ಇಂಥ ಮೂಗು ಬೇರೆ ಯಾವ ದೇವರಿಗೂ ಇಲ್ವಂತೆ.”

ನಾನೂ ಬಗ್ಗಿ ನೋಡಿದೆ. ಅಯ್ಯೋ ದೇವರೇ! ತುದಿಯಲ್ಲಿ ಗಿಳಿಯ ಹಾಗೆ ಬಾಗಿದ, ಸಾಕ್ಷಾತ್ ತೋಮಾಸಾಳ ಮೂಗು.

“ಅದು ನನ್ನ ಹೆಂಡ್ತಿ ಮೂಗಮ್ಮಾ” ಎಂದ ಬಾಸಿಲಿಯೊ.

ದೊರೆಸಾನಿಗೆ ಸಿಟ್ಟು ನೆತ್ತಿಗೇರಿತು. ಚೀಲದಿಂದ ಒಂದು ಫೋಟೋ ತೆಗೆದಳು. “ಹುಟ್ಟೂರು ಗೊತ್ತಿಲ್ಲದ ಕಲ್ಲು ಅನಾಥ. ನಾನು ಅನಾಥ ಕಲ್ಲು ಕೊಳ್ಳಲ್ಲ. ನೋಡು, ತನ್ನ ಹೊಲದಲ್ಲಿ ಅಗೆದು ತೆಗೆದವನು ಇವನೇ!”

ಫೋಟೋದಲ್ಲಿ ಗುದ್ದಲಿ ಹಿಡಿದು, ಅಂಗೈಯಲ್ಲಿ ಪದಕ ಇಟ್ಟುಕೊಂಡು ಹಲ್ಲು ಕಿರಿಯುತ್ತಿದ್ದವನು ತೋಮಾಸಾಳ ತಮ್ಮ ರೊಮುವಾಲ್ಡೊ. ತೀರಿಕೊಂಡು ಮೂರು ವರ್ಷವಾಯಿತು. ಅವನ ಪಟದ ಮುಂದೆ ತೋಮಾಸಾ ದಿನಾ ಮೇಣದ ಬತ್ತಿ ಹಚ್ಚುತ್ತಾಳೆ. ಬಾಸಿಲಿಯೊ ಫೋಟೋವನ್ನು ಮಗುಚಿಟ್ಟ.

“ಬಿಡಿಯಮ್ಮಾ, ನಂದೇ ತಪ್ಪು. ದಾರ ಹಾಕಿಕೊಡ್ತೀನಿ.”

ನನಗೆ ಮೈಯೆಲ್ಲ ಉರಿದುಹೋಯಿತು. “ನಿನ್ನ ತಲೆ! ಸತ್ತವನ ಮಾನ ಕಾಯೋಕೆ ನೀನು ಸಾಯೋತನಕ ನಾಯಿ ಬಾಯಲ್ಲಿ ಮಾತು ಕೇಳ್ತೀಯಾ?” ಎಂದು ಪದಕ, ಫೋಟೋ ಎರಡನ್ನೂ ಕಸಿದುಕೊಂಡು, “ಬನ್ನಿ, ತೋರಿಸ್ತೀನಿ” ಎಂದು ದೊರೆಸಾನಿಯನ್ನು ಹೊರಡಿಸಿ, ಅವಳ ಕಾರಿನಲ್ಲೇ ಬಾಸಿಲಿಯೊನನ್ನೂ ತುರುಕಿ ನಮ್ಮೂರಿಗೆ ಬಂದೆ.

ತೋಮಾಸಾ ಒಲೆಯ ಮುಂದಿದ್ದಳು. ನಾನು ಮಡಕೆಯ ಮೇಲಿನ ಕಲ್ಲಿಗೆ ಪದಕದ ಬೆನ್ನನ್ನು ಹೊಂದಿಸಿದೆ. ಒರಟು ಏಣುಗಳು ಒಂದಕ್ಕೊಂದು ಕೂತವು, ಕೂದಲೆಳೆಯ ಸಂದಿಲ್ಲ. ದೊರೆಸಾನಿ ಬೆರಳಿನಿಂದ ಆ ಗೆರೆಯನ್ನು ಮತ್ತೆ ಮತ್ತೆ ಸವರಿದಳು. ಆಮೇಲೆ ನಾನು ಫೋಟೋ ಕೊಟ್ಟೆ.

ತೋಮಾಸಾ ಅದನ್ನು ಒಲೆಯ ಬೆಳಕಿಗೆ ಹಿಡಿದು ನೋಡಿದಳು. ತಮ್ಮನ ಪಟದ ಮುಂದೆ ಬತ್ತಿ ಉರಿಯುತ್ತಿತ್ತು, ಅದನ್ನು ಆರಿಸಲಿಲ್ಲ. ಫೋಟೋವನ್ನು ಅದರ ಪಕ್ಕಕ್ಕಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನನ್ನ ಸಾವಿರದ ಮುನ್ನೂರು ವರ್ಷ ಹೋಯ್ತು” ಎಂದಳು ದೊರೆಸಾನಿ, ಯಾರಿಗೂ ಅಲ್ಲದ ಹಾಗೆ. ಪಾಪ, ಅವಳನ್ನು ನೋಡಿ ನನಗೂ ಸಂಕಟವಾಯಿತು. ಪದಕವನ್ನು ಅವಳು ಮಡಕೆಯ ಮೇಲಿಂದ ಎತ್ತಿಕೊಳ್ಳಲಿಲ್ಲ.

“ನನ್ನ ಹನ್ನೊಂದೂ ಹೋಯ್ತಮ್ಮಾ” ಎಂದಳು ತೋಮಾಸಾ. “ಕೂತ್ಕೊಳ್ಳಿ, ಊಟ ಮಾಡ್ಕೊಂಡು ಹೋಗಿ.”

ಬಾಸಿಲಿಯೊ ತಾನೇ ಕಳ್ಳನೆಂಬಂತೆ ಬಾಗಿಲಲ್ಲೇ ನಿಂತಿದ್ದ. ತೋಮಾಸಾ ತೋರ್ತಿಯಾ ತಟ್ಟೆಗೆ ಹಾಕಿ, “ಬಾ, ಆರಿಹೋಗುತ್ತೆ” ಎಂದಳು.

ಅವನು ಅಭ್ಯಾಸಬಲದಿಂದ ನಾಯಿಯ ಮುಖ ನೋಡಿದ.

“ಅದಕ್ಕಲ್ಲ, ಬಾಸಿಲಿಯೊ” ಎಂದಳು. “ನಿಂಗೆ ಹೇಳಿದ್ದು.”