ಮೇಣದಲ್ಲಿ ಒಪ್ಪಿದ ಹಲ್ಲು

ಹಲ್ಲಿನ ಆಸ್ಪತ್ರೆಯ ಹಿಂಬದಿಯಲ್ಲಿ ಒಂದು ಕೋಣೆ. ಒಬ್ಬರು ಎದ್ದರೆ ಇನ್ನೊಬ್ಬರು ಗೋಡೆಗೆ ಒರಗಬೇಕು, ಅಷ್ಟೇ ಜಾಗ. ಅಲ್ಲಿ ಕೂತು ಅವನು ಒಂದು ಆಯುಷ್ಯವನ್ನೇ ಬೇರೆಯವರಿಗೆ ಹಲ್ಲು ಕಟ್ಟುವುದರಲ್ಲಿ ಕಳೆದಿದ್ದಾನೆ. ಡಾಕ್ಟರು ಬೊಚ್ಚುಬಾಯಿಯ ಅಚ್ಚು ತೆಗೆದು ಸಣ್ಣ ಕಿಟಕಿಯಿಂದ ಒಳಗೆ ಕೊಡುತ್ತಾರೆ. ಅವನು ಮೇಣದ ಒಸಡು ಮಾಡಿ ಅದರಲ್ಲಿ ಒಂದೊಂದೇ ಹಲ್ಲು ನಿಲ್ಲಿಸುತ್ತಾನೆ. ಊರಿನಲ್ಲಿ ಅವನ ಹೆಸರೇ ಹಲ್ಲುಸೆಟ್. ಬೀದಿಯಲ್ಲಿ ಯಾರಾದರೂ ನಕ್ಕರೆ, ನಗು ತನಗೋ ಅಲ್ಲವೋ ಎನ್ನುವುದಕ್ಕಿಂತ ಹಲ್ಲು ತನ್ನದೋ ಅಲ್ಲವೋ ಎಂದು ಮೊದಲು ನೋಡುವ ಮನುಷ್ಯ.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಮೇಣದಲ್ಲಿ ನಿಲ್ಲಿಸಿದ ಹಲ್ಲನ್ನು ಮೊದಲು ಬಾಯಿಗಿಟ್ಟು, ಕೈಗೆ ಕನ್ನಡಿ ಕೊಡಬೇಕು. ಮೇಣ ಇರುವ ತನಕ ಹಲ್ಲನ್ನು ಹೇಗೆ ಬೇಕಾದರೂ ಸರಿಸಬಹುದು. ಅವರು ಹೂಂ ಎಂದ ಮೇಲೆ ಮೇಣ ಕರಗಿಸಿ, ಆ ಜಾಗದಲ್ಲಿ ಗಟ್ಟಿ ಒಸಡು ಮಾಡುವುದು. ಹೂಂ ಆದ ಮೇಲೆ ಒಂದು ಹಲ್ಲನ್ನೂ ಮುಟ್ಟಬಾರದು. ಕೆಲಸ ಕಲಿಸಿದ ಗುರು ಇದನ್ನು ಬೈದು ಬೈದು ತಲೆಗೆ ತುಂಬಿದ್ದ. ಹಲ್ಲುಸೆಟ್ ಅದನ್ನು ಮೀರಿದ್ದು ಒಂದೇ ಸಲ.

ಆ ಮಧ್ಯಾಹ್ನ ಕಿಟಕಿಯಾಚೆ ಒಂದು ಹೆಣ್ಣುದನಿ ಕೇಳಿತು. "ಉಳಿದಿರೋ ನಾಲ್ಕನ್ನೂ ಕಿತ್ತುಬಿಡಿ ಡಾಕ್ಟ್ರೇ. ಮುರಿದ ಬೇಲಿ ಥರ ನಿಂತಿವೆ." ಹಲ್ಲುಸೆಟ್ ಕೈಯಲ್ಲಿದ್ದ ಮೇಣದ ಚಾಕು ಕೆಳಗಿಟ್ಟ. ದನಿಯ ಗುರುತು ಸಿಕ್ಕಿತ್ತು; ನಡುವೆ ಒಂದೇ ಕಾಂಪೌಂಡ್ ಗೋಡೆ ಇದ್ದ ಎರಡು ಮನೆಗಳಲ್ಲಿ ಬೆಳೆದವರು ಅವನೂ ಅವಳೂ. ಹದಿನೆಂಟರಲ್ಲಿ ಅವಳು, "ಬಂದು ಅಪ್ಪನ ಹತ್ರ ಮಾತಾಡು" ಎಂದಿದ್ದಳು. "ಕೆಲಸ ಕಲಿತು ಮುಗೀಲಿ" ಎಂದಿದ್ದ ಇವನು. ಕಲಿತು ಮುಗಿಯುವಷ್ಟರಲ್ಲಿ ಅವಳು ಬಟ್ಟೆ ಅಂಗಡಿಯವನ ಹೆಂಡತಿಯಾಗಿ ಬೇರೆ ಊರು ಸೇರಿದ್ದಳು. ಇವನು ಮದುವೆಯ ಗೋಜಿಗೇ ಹೋಗಲಿಲ್ಲ. ಈಗ ಅವಳ ಗಂಡ ಇಲ್ಲ, ಅಂಗಡಿಯೂ ಇಲ್ಲ. ತಮ್ಮನ ಮನೆಯಲ್ಲಿ ಇದ್ದಾಳೆ. ಬೆಳಗಾದರೆ ಹಾಸಿಗೆ ಸುತ್ತಿ, ಬಾಗಿಲ ಹಿಂದಿಟ್ಟು, ಎಲ್ಲರೂ ಮಲಗುವ ತನಕ ಅದನ್ನು ಬಿಚ್ಚದೆ ಇರುವ ಬಾಳು.

ಹಲ್ಲು ಕಿತ್ತ ಗಾಯ ಮಾಯುವ ತನಕ, ಆಮೇಲೆ ಅಚ್ಚಿಗೆ, ಅಳತೆಗೆ ಎಂದು ಅವಳು ಬರುತ್ತಿದ್ದಳು. ಬಂದಾಗಲೆಲ್ಲ ಹಿಂಬದಿಯ ಕೋಣೆಯಲ್ಲಿ ಒಂದು ಲೋಟ ಟೀ. ಮಾತಾಡುವಾಗ ಅವಳ ಎಡಗೈ ಬಾಯಿಗೆ ಅಡ್ಡ ಇರುತ್ತಿತ್ತು. ಹಲ್ಲಿಲ್ಲದ ನಾಚಿಕೆ ಎಂದುಕೊಂಡ ಅವನು. ಒಂದು ದಿನ ಪ್ಲಾಸ್ಟರ್ ಹಿಡಿದ ಉಗುರು ಕೆರೆಯುತ್ತಾ ಕೇಳಿಯೇಬಿಟ್ಟ.

"ನನ್ನ ಮನೇಗೆ ಬಂದ್ಬಿಡು. ಅಕ್ಕ ಇದ್ದಾಳೆ, ಎರಡು ರೂಮಿದೆ. ರಿಜಿಸ್ಟರ್ ಮದುವೆ ಆಗೋಣ ಅಂದ್ರೆ ಅದಕ್ಕೂ ಸೈ."

ಅವಳು ಲೋಟ ಕೆಳಗಿಟ್ಟಳು. "ಹಲ್ಲು ಬರ್ಲಿ. ಬೊಚ್ಚುಬಾಯಲ್ಲಿ ಎಂಥ ಹೂಂ ಅನ್ನೋದು? ಆಮೇಲೆ ಬಾಯ್ತುಂಬ ಹೇಳ್ತೀನಿ."

ಅಕ್ಕನಿಗೆ ಅಷ್ಟು ಸಾಕಾಯಿತು. "ಅರವತ್ತಕ್ಕೆ ಅರಳುಮರಳು" ಎಂದು ಗೊಣಗುತ್ತಲೇ ಬೀರುವಿನ ನಡುವಣ ಖಾನೆಯಿಂದ ತನ್ನ ಕಂಬಳಿ, ಸ್ವೆಟರುಗಳನ್ನು ತೆಗೆದು ಖಾಲಿ ಮಾಡಿದಳು. "ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಿನಗೇನು ಬಿಡೋ, ಹಲ್ಲೂ ನೀನೇ ಮಾಡ್ಕೋತೀಯ."

ಮೇಣದ ಹಲ್ಲು ಇಟ್ಟು ನೋಡಿದ ದಿನ ಅವಳು ಕನ್ನಡಿಯನ್ನು ಬೆಳಕಿಗೆ ತಿರುಗಿಸಿ, ತಿರುಗಿಸಿ ನೋಡಿಕೊಂಡಳು. ನೇರ, ಒಂದೇ ಸಮ, ಮುತ್ತು ಪೋಣಿಸಿದ ಹಾಗೆ. "ಹೂಂ. ಹೀಗೇ ಇರ್ಲಿ" ಎಂದಳು.

ಅವಳು ಹೋದ ಮೇಲೆ ಹಲ್ಲುಸೆಟ್ ಅದನ್ನು ಎದುರಿಗಿಟ್ಟುಕೊಂಡು ಕೂತ. ಅಂದವಾಗಿತ್ತು, ಅವಳದಾಗಿರಲಿಲ್ಲ. ಅವಳ ಮೇಲಿನ ಸಾಲಿನ ಎಡಗಡೆ ಒಂದು ಹಲ್ಲು ಪಕ್ಕದ್ದರ ಮೇಲೇರಿ ಹೊರಕ್ಕೆ ಬಾಗಿತ್ತು. ಹುಡುಗಿಯಾಗಿದ್ದಾಗ ಆ ನಡುಗೋಡೆ ಮೇಲೆ ಕೂತು ನಗುವಾಗ ಅದು ಕೆಳತುಟಿಯನ್ನು ಒತ್ತುತ್ತಿತ್ತು. ಇವನು ಅವಳನ್ನು ಕೋರೆ ಎಂದೇ ಕರೆಯುತ್ತಿದ್ದ. ಚಾಕು ಬಿಸಿ ಮಾಡಿ, ಆ ಹಲ್ಲನ್ನು ಕಿತ್ತು, ನೆನಪಿನಲ್ಲಿದ್ದ ಹಾಗೆಯೇ ಓರೆಯಾಗಿ ನಿಲ್ಲಿಸಿದ. ಅವತ್ತೇ ಗಟ್ಟಿ ಮಾಡಿದ. ಆ ಓರೆ ಹಿಡಿದಷ್ಟು ಚೆನ್ನಾಗಿ ಬೇರಾವುದನ್ನೂ ಅವನು ಹಿಡಿದಿರಲಿಲ್ಲ.

ಹಾಕಿಕೊಳ್ಳುವ ದಿನ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಅವನೇ ಬಾಯಿಗಿಟ್ಟು, ಅವನೇ ಕನ್ನಡಿ ಹಿಡಿದ. ಅವಳು ನೋಡಿದಳು. ಎಡಗೈ ತಾನಾಗಿ ಮೇಲೆ ಬಂದು ಬಾಯಿ ಮುಚ್ಚಿತು.

"ಇದನ್ನ ಯಾರು ಕೇಳಿದ್ರು?"

"ನಿನ್ನ ಹಲ್ಲೇ ಅಲ್ವಾ ಅದು, ಕೋರೆ?"

"ನನ್ನದೇ. ಅದನ್ನ ಕಿತ್ತ ದಿನ ಡಾಕ್ಟ್ರು ಪಾಪ ಅಂದ್ರು. ನನಗೆ ಹಾಲು ಕುಡಿದಷ್ಟು ಸಂತೋಷ ಆಯ್ತು." ಅವಳ ದನಿ ಏರಲಿಲ್ಲ. "ಮದುವೆ ಫೋಟೋ ತೆಗೆಯುವಾಗ ನಮ್ಮ ಯಜಮಾನರು ನನಗೆ ಹೇಳಿದ ಮೊದಲನೇ ಮಾತು ಬಾಯಿ ಮುಚ್ಕೋ ಅಂತ. ಕೊನೇವರೆಗೂ ಅದೇ ಮಾತು. ಅಂಗಡಿಗೆ ಬಂದವರ ಮುಂದೆ ನಗಬೇಡ, ಅವರ ಅಮ್ಮನ ಮುಂದೆ ನಗಬೇಡ. ಈ ಕೈ ಸುಮ್ನೆ ಬರಲ್ಲ ಇಲ್ಲಿಗೆ."

"ನಾನು ಅದನ್ನ ಪ್ರೀತಿಯಿಂದ…"

"ಗೊತ್ತು. ನೀನು ಪ್ರೀತಿಯಿಂದ ಕರೆದೆ. ಮಿಕ್ಕವರು ಕೇಳಿಸ್ಕೊಂಡ್ರು. ಆಮೇಲೆ ಇಡೀ ಬೀದಿಗೆ ನಾನು ಕೋರೆ. ನಮ್ಮ ಮನೇಲೂ."

ಹಲ್ಲುಸೆಟ್ ಕನ್ನಡಿಯನ್ನು ಮೇಜಿನ ಮೇಲೆ ಮಗುಚಿ ಇಟ್ಟ. "ಸರಿ ಮಾಡಿ ಕೊಡ್ತೀನಿ."

"ಮಾಡು. ಹಲ್ಲು ಬೇಕಲ್ಲ ನನಗೆ." ಸೆಟ್ಟು ತೆಗೆದು ಅವನ ಅಂಗೈಗಿಟ್ಟಳು. ಒದ್ದೆಯಾಗಿತ್ತು. "ನಾನು ಹೂಂ ಅಂದಿದ್ದೆ. ನನ್ನ ಹೂಂ ಆದ್ಮೇಲೂ ನಿನಗೆ ಬೇಕಾದ್ದನ್ನೇ ಇಟ್ಟೆಯಲ್ಲ."

ಓರೆ ಹಲ್ಲನ್ನು ಅರೆದು ತೆಗೆಯುವಾಗ ಬಿಳಿ ಪುಡಿ ಅವನ ಮೀಸೆಯ ಮೇಲೆಲ್ಲ ಕೂತಿತು. ನೇರವಾದದ್ದನ್ನು ಕೂರಿಸಿ, ಹೊಳಪು ಕೊಟ್ಟ. ಅವಳು ಮತ್ತೆ ಬಂದು ಹಾಕಿಕೊಂಡಾಗ ಡಾಕ್ಟರೇ ಎದ್ದು ಬಂದು ಮೆಚ್ಚಿದರು. ಎಲ್ಲರೂ ಆಚೆ ಹೋದ ಮೇಲೆ ಅವನು ಕೇಳಿದ.

"ಬಾಯ್ತುಂಬ ಹೇಳ್ತೀನಿ ಅಂದಿದ್ದೆ."

"ಹೇಳೋಣ ಅಂತಲೇ ಇದ್ದೆ ಕಣೋ. ತಮ್ಮನ ಹೆಂಡತಿಗೂ ಸೂಚನೆ ಕೊಟ್ಟಿದ್ದೆ, ಅವಳು ಆಗಲೇ ಆ ಬಾಗಿಲ ಹಿಂದೆ ಏನಿಡೋದು ಅಂತ ಯೋಚಿಸ್ತಿದ್ಲು." ಚೀಲ ಹೆಗಲಿಗೇರಿಸಿದಳು. "ನೀನು ಕಾದಿದ್ದು ನನಗಲ್ಲ. ಗೋಡೆ ಮೇಲೆ ಕೂತಿದ್ದ ಆ ಹುಡುಗಿಗೆ. ಅವಳಿಂದ ತಪ್ಪಿಸಿಕೊಳ್ಳೋಕೆ ನನಗೆ ಇಷ್ಟು ವರ್ಷ ಹಿಡೀತು. ಅವಳ ಜೊತೆ ಒಂದೇ ಮನೇಲಿ ಬಾಳೋಕೆ ನನ್ನಿಂದ ಆಗಲ್ಲ."

ಆಸ್ಪತ್ರೆಯ ಬಾಗಿಲಲ್ಲಿ ಚೀಟಿ ಕೊಡುವ ಹುಡುಗಿ ಏನೋ ಅಂದಳು. ಇವಳು ನಕ್ಕಳು. ಕೈ ಕೆಳಗೇ ಇತ್ತು. ಹಲ್ಲುಸೆಟ್ ಸಣ್ಣ ಕಿಟಕಿಯಿಂದ ನೋಡಿದ. ಒಳ್ಳೆಯ ಕೆಲಸ, ತನ್ನದೇ ಕೆಲಸ. ನಗುತ್ತಿದ್ದವಳ ಗುರುತು ಮಾತ್ರ ಅವನಿಗೆ ಸಿಗಲಿಲ್ಲ.

ಸಂಜೆ ಮನೆಯಲ್ಲಿ ಅಕ್ಕ ಅವನ ಮುಖ ನೋಡಿದಳು. ಗೇಲಿ ಮಾಡಲಿಲ್ಲ. ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅವಳು ಬೀರುವಿನ ಮುಂದೆ ಕೂತು, ಕಂಬಳಿ, ಸ್ವೆಟರುಗಳನ್ನು ಮಡಿಸಿ ನಡುವಣ ಖಾನೆಗೆ ವಾಪಸು ತುಂಬುತ್ತಿದ್ದಳು.